ಎಷ್ಟನೇ ಸೂಲು

ತೊಂಬತ್ತರ ದಶಕದ ಕೊನೆಯ ಮಳೆಗಾಲವೊಂದರಲ್ಲಿ, ಬಾಬುರಾಯನಕೊಪ್ಪಲಿನ ನಮ್ಮ ಮನೆಯ ನಡುಮನೆಯಲ್ಲಿ ಕಿಟಕಿಗೆ ಒರಗಿ ಕುಳಿತು, ಬೇರೊಬ್ಬರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಿದ್ದೆ. ಅದು ನನ್ನ ಹೊಟ್ಟೆಪಾಡು. ಇಂಥದ್ದಕ್ಕೂ ಸಂಬಳ ಸಿಗುತ್ತದೆಂದು ನನ್ನ ಅತ್ತೆಗೆ ಬಹಳ ಕಾಲ ನಂಬಿಕೆಯೇ ಬಂದಿರಲಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಕೆಲಸ ಏನೆಂದು ಕೇಳಿ ತಿಳಿದುಕೊಂಡು, "ತಪ್ಪು ಹುಡ್ಕಕೂ ಸಂಬ್ಳ ಕೊಟ್ಟಾರಾ? ನಮ್ಮೂರಲ್ಲಿ ಅದ ಪುಕ್ಸಟ್ಟೆ ಮಾಡೋರು ಬೀದಿಗೊಬ್ರವ್ರೆ ಕಣವ್ವ" ಎಂದಿದ್ದರು.

ಕಂಪನಿ ಇದ್ದದ್ದು ಮೈಸೂರಿನಲ್ಲಿ, ಯಾರದೋ ಹಳೇ ಮನೆಯ ಮಹಡಿಯ ಮೇಲೆ. ನಾವು ಅಲ್ಲಿ ಕೆಲವೇ ಜನ ಸೇರಿ ಒಂದು ಡಿಬಗ್ಗರನ್ನು ತಯಾರಿಸುತ್ತಿದ್ದೆವು. ಡಿಬಗ್ಗರ್ ಎಂದರೆ ಬೇರೆ ಪ್ರೋಗ್ರಾಮುಗಳು ಎಲ್ಲಿ ಎಡವುತ್ತವೆ ಎಂದು ಪತ್ತೆ ಮಾಡುವ ಪ್ರೋಗ್ರಾಮು. ಅದರಲ್ಲಿ ಮುಖ್ಯವಾದದ್ದು ಬ್ರೇಕ್‌ಪಾಯಿಂಟು. ಓಡುತ್ತಿರುವ ಪ್ರೋಗ್ರಾಮಿಗೆ 'ಈ ಸಾಲಿಗೆ ಬಂದಾಗ ನಿಂತುಕೋ, ನಿನ್ನ ಜೇಬಿನಲ್ಲಿ ಏನಿದೆ ನೋಡಬೇಕು' ಎಂದು ಹೇಳಿಡುವುದು, ಅಷ್ಟೆ. ಬಸ್ಸಿಗೆ ನಿಲ್ದಾಣ ಇದ್ದ ಹಾಗೆ.

ಯಾರು ಏನು ಬದಲಾವಣೆ ಮಾಡಿದರೂ ಅದನ್ನು ಇನ್ನೊಬ್ಬರು ಓದಿ ರುಜು ಹಾಕದೆ ಒಳಗೆ ಬಿಡುವಂತಿರಲಿಲ್ಲ. ಆ ಇನ್ನೊಬ್ಬರು ಸಾಮಾನ್ಯವಾಗಿ ನಾನೇ. ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಓದುವವರು ತಿದ್ದಬಾರದು, ಹೀಗೆ ಮಾಡು ಎಂದು ಆಜ್ಞೆಯನ್ನೂ ಮಾಡಬಾರದು. ಕೆಂಪು ಪೆನ್ಸಿಲಿನಲ್ಲಿ ಪ್ರಶ್ನೆ ಮಾತ್ರ ಬರೆಯಬೇಕು. ಬರೆದವರು ಪ್ರತಿ ಪ್ರಶ್ನೆಗೂ ಬಾಯಿಬಿಟ್ಟು ಉತ್ತರ ಹೇಳಬೇಕು, ಇಲ್ಲವೇ ತಿದ್ದಿ ತರಬೇಕು. ನನ್ನ ಪ್ರಶ್ನೆಗಳಿಗೆ ಆಫೀಸಿನಲ್ಲಿ ಹೆದರುತ್ತಿದ್ದರು. ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರೆಂದು ನನಗೆ ಗೊತ್ತಿತ್ತು. ಕಲ್ಲಿದ್ದರೆ ತಾನೇ ಸಿಗುವುದು, ಎಂದು ನಾನೂ ಸುಮ್ಮನಿರುತ್ತಿದ್ದೆ.

ಆ ಮಳೆಗಾಲ ನಾನು ಆಫೀಸಿಗೆ ಹೋಗದೆ ಮನೆಯಲ್ಲಿ ಕೂತಿದ್ದಕ್ಕೆ ಕಾರಣವಿತ್ತು. ನನಗೆ ಐದು ತಿಂಗಳಾಗಿತ್ತು. ಒಂದು ಬೆಳಗ್ಗೆ ಬಚ್ಚಲಲ್ಲಿ ರಕ್ತ ಕಂಡಿತು. ಮೈಸೂರಿನ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆಗಬಾರದ್ದು ಆಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಒಳಗೆ ನನ್ನ ಜೊತೆಯಲ್ಲಿದ್ದದ್ದು ಅತ್ತೆ ಒಬ್ಬರೇ. ನನಗೆ ಸರಿಯಾಗಿ ಎಚ್ಚರವಾದಾಗ ಮಂಚದ ಪಕ್ಕದಲ್ಲಿ ಏನೂ ಇರಲಿಲ್ಲ. ಗಂಡೋ ಹೆಣ್ಣೋ ಎಂದು ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಮನೆಗೆ ಬಂದ ಮೇಲೆ ಅಳು ಬರಬಹುದೆಂದು ಕಾದೆ. ಬರಲಿಲ್ಲ. ಬಹಳ ಹೊತ್ತು ಚಕ್ಕಂಬಕ್ಕಳ ಹಾಕಿ ಕೂತು ಎದ್ದರೆ ಕಾಲು ಜೋಮು ಹಿಡಿದು, ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ ಇಡೀ ಮೈಗೆ ಆಗಿತ್ತು. ಊಟ ಕೊಟ್ಟರೆ ಉಣ್ಣುತ್ತಿದ್ದೆ. ಮಲಗು ಎಂದರೆ ಮಲಗುತ್ತಿದ್ದೆ. ಅಕ್ಕಿಹೆಬ್ಬಾಳಿನಿಂದ ಅಮ್ಮ ಬಂದು, ನನ್ನ ತಲೆ ನೇವರಿಸುತ್ತಾ ಎರಡು ದಿನ ಇದ್ದು, ಹೋಗುವಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಅವಳ ಸೀರೆಯ ಅಂಚಿನ ಬಣ್ಣ ಚೆನ್ನಾಗಿದೆ ಎಂದುಕೊಂಡೆ. ಅಷ್ಟೇ ಅನ್ನಿಸಿದ್ದು.

ಊರಿಗೆ ಏನೂ ಗೊತ್ತಾಗಲಿಲ್ಲ. ನಮ್ಮ ಕಡೆ ಬಸುರಿಯ ಸುದ್ದಿಯನ್ನು ಮೊದಲಿಗೆ ಡಂಗುರ ಹೊಡೆಯುವುದಿಲ್ಲ, ದೃಷ್ಟಿಯಾದೀತೆಂದು ಮುಚ್ಚಿಡುತ್ತಾರೆ. ನಾನೋ ತೆಳ್ಳಗಿದ್ದವಳು, ಸೀರೆಯೊಳಗೆ ಅಷ್ಟಾಗಿ ಕಾಣುತ್ತಲೂ ಇರಲಿಲ್ಲ. ಹಾಗಾಗಿ ಹೇಳದೇ ಇದ್ದದ್ದು ಹೇಳದೆಯೇ ಹೋಯಿತು. ಎದುರು ಮನೆಯಾಕೆ ಜಗಲಿಗೆ ಬಂದು ವಿಚಾರಿಸಿದಾಗ ಅತ್ತೆ, "ಏನಿಲ್ಲ ಕಣೆ, ಮಳೇಲಿ ನೆನ್ಕಂಡು ಜ್ವರ ಬಂದದೆ" ಎಂದರು. ನಾನು ಒಳಗಿನಿಂದ ಕೇಳಿಸಿಕೊಂಡೆ. ಆಫೀಸಿಗೆ ಫೋನು ಮಾಡಿದ ನಮ್ಮವರು ಟೈಫಾಯ್ಡ್ ಎಂದಿದ್ದರು. ಅವರು ಪಾಂಡವಪುರದ ಹೈಸ್ಕೂಲಿನಲ್ಲಿ ಮೇಷ್ಟ್ರು. ಒಂದು ಸಲ, ಒಂದೇ ಸಲ, ಶೂ ಲೇಸು ಕಟ್ಟಿಕೊಳ್ಳುತ್ತಾ ತಲೆ ಎತ್ತದೆ, "ಮರ್ತುಬುಡು. ಅದನ್ನೇ ಮನಸ್ಸಿಗೆ ಹಚ್ಕೋಬೇಡ" ಎಂದು ನನಗೆ ಹೇಳಿದರು. ಲೇಸು ಕಟ್ಟುವುದು ಅವತ್ತು ಬಹಳ ಹೊತ್ತು ಹಿಡಿಯಿತು.

ನಮ್ಮ ಊರಿನ ಮಗ್ಗುಲಲ್ಲೇ ಪಶ್ಚಿಮವಾಹಿನಿ. ಎಲ್ಲೆಲ್ಲಿಂದಲೋ ಜನ ಬಟ್ಟೆ ಕಟ್ಟಿದ ಮಡಕೆ ಹಿಡಿದು ಬಸ್ಸಿಳಿಯುತ್ತಾರೆ. ಹೊಳೆಗೆ ಅಸ್ಥಿ ಬಿಟ್ಟು, ಮುಳುಗೆದ್ದು, ಬೋಳುತಲೆಯಲ್ಲಿ ಕಾಫಿ ಕುಡಿದು ಹೋಗುತ್ತಾರೆ. ಸತ್ತವರನ್ನು ಸತ್ತರೆಂದು ಒಪ್ಪಿಕೊಳ್ಳಲು ಅಷ್ಟೆಲ್ಲ ಏರ್ಪಾಡು. ಹೆಸರೂ ಇಡದೆ ಹೋದದ್ದಕ್ಕೆ ಯಾವ ಏರ್ಪಾಡೂ ಇಲ್ಲ. ಮೂರನೇ ದಿನವಿಲ್ಲ, ಹನ್ನೊಂದನೇ ದಿನವಿಲ್ಲ, ಹಾಲುತುಪ್ಪವಿಲ್ಲ. ನನಗೆ ಆ ಶಾಸ್ತ್ರಗಳ ಮೇಲೆ ಅಂಥ ಭಕ್ತಿ ಯಾವತ್ತೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ: ಅದು ಬಂದಿತ್ತು ಎಂದು ನನ್ನನ್ನು ಬಿಟ್ಟು ಇನ್ನೊಬ್ಬರು, ಯಾರಾದರೂ ಒಬ್ಬರು, ಬಾಯಿಬಿಟ್ಟು ಹೇಳಬೇಕು. ಐದನೇ ತಿಂಗಳಲ್ಲಿ ಅದು ಒಳಗೆ ಮಿಸುಕಾಡಿದ್ದು ನನಗೆ ಗೊತ್ತು. ಮಿಸುಕಾಡಿದ್ದನ್ನು ಜ್ವರ ಎಂದರೆ ಹೇಗೆ?

ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಅವರು ನನ್ನನ್ನು ನೆಲಕ್ಕೆ ಕಾಲಿಡಲು ಬಿಡಲಿಲ್ಲ. ಮುದ್ದೆ ಬೇಡವೆಂದು ಬಿಸಿ ಅನ್ನ ಮಾಡಿ, ಬೆಳ್ಳುಳ್ಳಿ ಸುಟ್ಟು ಹಾಕಿ, ಮೆಣಸಿನ ಸಾರು ಕಾಯಿಸಿ ಕೊಡುತ್ತಿದ್ದರು. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ತಣ್ಣೀರು ಮುಟ್ಟುವಂತಿಲ್ಲ. ಎದುರು ಮನೆಯಾಕೆ ಮೂಗರಳಿಸಿ, "ಇದೇನಕ್ಕ, ಬಾಣ್ತಿ ಸಾರಿನ ವಾಸ್ನೆ?" ಎಂದರೆ, "ನೆಗಡಿಗೆ ಕಣೆ, ನೆಗಡಿಗೆ ಇದ್ಕಿಂತ ಮದ್ದು ಐತಾ" ಎಂದು ಬಾಗಿಲಲ್ಲೇ ಸಾಗಹಾಕಿದರು. ಕೈಯಲ್ಲಿ ಎಲ್ಲ ಮಾಡುತ್ತಿದ್ದರು, ಬಾಯಲ್ಲಿ ಒಂದೂ ಇಲ್ಲ. ನನಗಾಗ ಬೇಕಾಗಿದ್ದದ್ದು ಬಾಯಿ.

ಒಂದು ಶನಿವಾರ ಮಧ್ಯಾಹ್ನ ನಾಗಮಂಗಲದ ಹುಡುಗ ಬಂದ. ಹುಡುಗ ಎನ್ನುವುದು ನನ್ನ ಬಾಯಿಯ ಅಭ್ಯಾಸ, ನನಗಿಂತ ನಾಲ್ಕೈದು ವರ್ಷ ಚಿಕ್ಕವನಿರಬೇಕು. ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ. ಮೈಸೂರಿನಲ್ಲಿ ರೂಮು, ಶನಿವಾರ ಊರಿನ ಬಸ್ಸು. ಆ ಬಸ್ಸು ನಮ್ಮ ಕೊಪ್ಪಲು ಹಾದು, ಶ್ರೀರಂಗಪಟ್ಟಣ, ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಹೋಗುತ್ತಿತ್ತು. ಹಾಗಾಗಿ ನಮ್ಮ ಮ್ಯಾನೇಜರು ನನ್ನ ಕೆಲಸವನ್ನು ಇವನ ಕೈಯಲ್ಲಿ ಕಳಿಸಿದ್ದರು. ಆಫೀಸಿನಲ್ಲಿ ನನ್ನನ್ನು ಮೇಡಂ ಎನ್ನುತ್ತಿದ್ದವನು ನಮ್ಮ ಜಗಲಿ ಹತ್ತಿದ ಕೂಡಲೇ ಅಕ್ಕ ಎಂದ. ಒಂದು ಕೈಯಲ್ಲಿ ಎರಡು ಎಳನೀರು, ಇನ್ನೊಂದರಲ್ಲಿ ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಸುತ್ತಿದ ಪ್ರಿಂಟಿನ ಕಟ್ಟು.

"ಜ್ವರ ಬುಡ್ತಾ ಅಕ್ಕ?"

"ಬುಡ್ತು" ಎಂದೆ.

"ಟೈಫಾಯ್ಡು ಬಂದ್ರೆ ಸುಮ್ನೆ ಬುಡದಲ್ಲ ಅಕ್ಕ, ನಿತ್ರಾಣ ಮಾಡ್ಬುಡ್ತದೆ. ಎಳ್ನೀರು ಕುಡೀರಿ. ಇದು ನಂದೇ ಕೆಲ್ಸ, ನಿಧಾನಕ್ಕೆ ನೋಡಿ. ಸೋಮಾರ ಬೆಳಗ್ಗೆ ಬಸ್ಸಲ್ಲಿ ಬತ್ತೀನಲ್ಲ, ಸ್ಟ್ಯಾಂಡ್ ತಾವ ಇಳ್ಕಂಡು ಈಸ್ಕತೀನಿ." ಹೇಳಿ, ಅತ್ತೆ ಕೊಟ್ಟ ಮಜ್ಜಿಗೆ ಕುಡಿದು, ಮುಂದಿನ ಬಸ್ಸು ಹಿಡಿಯಲು ಓಡಿದ.

ಅವನು ಮಾಡಿದ್ದ ಕೆಲಸ ಒಳ್ಳೆಯದು. ಬ್ರೇಕ್‌ಪಾಯಿಂಟಿನಲ್ಲಿ ಒಂದು ತೊಂದರೆ ಇದೆ. ಒಂದೇ ಸಾಲಿಗೆ ಪ್ರೋಗ್ರಾಮು ಸಾವಿರ ಸಲ ಬರುವುದುಂಟು. ಪ್ರತಿ ಸಲವೂ ನಿಂತರೆ ಕೂತವರ ಪ್ರಾಣ ಹೋಗುತ್ತದೆ. ಅದಕ್ಕೆ ಇವನು ಬ್ರೇಕ್‌ಪಾಯಿಂಟಿಗೆ ಒಂದು ಸಣ್ಣ ಸ್ಕ್ರಿಪ್ಟು, ಅಂದರೆ ನಾಲ್ಕು ಸಾಲಿನ ಪುಟ್ಟ ಪ್ರೋಗ್ರಾಮು, ಕಟ್ಟುವ ಹಾಗೆ ಮಾಡಿದ್ದ. ಪ್ರೋಗ್ರಾಮು ಅಲ್ಲಿಗೆ ಬಂದಾಗ ಮೊದಲು ಸ್ಕ್ರಿಪ್ಟು ಎದ್ದು ನೋಡುತ್ತದೆ. ವಿಶೇಷ ಇದ್ದರೆ 'ನಿಲ್ಲು' ಎನ್ನುತ್ತದೆ. ಇಲ್ಲದಿದ್ದರೆ 'ಹೋಗು' ಎನ್ನುತ್ತದೆ. ಹೋಗು ಎಂದರೆ ಪ್ರೋಗ್ರಾಮು ನಿಂತ ಸುಳಿವೂ ಕೊಡದೆ ಮುಂದಕ್ಕೆ ಹೋಗುತ್ತದೆ. ಕಂಪ್ಯೂಟರಿನ ಮುಂದೆ ಕೂತವನಿಗೆ ಏನೂ ಆಗಿಲ್ಲ ಎಂದೇ ಕಾಣುತ್ತದೆ.

ಅಂಚಿನಲ್ಲಿ ತೂತುಗಳಿರುವ ಉದ್ದನೆಯ ಕಾಗದ, ಮಡಿಕೆ ಮಡಿಕೆಯಾಗಿ. ಅಳಿಸಿದ ಸಾಲಿನ ಮುಂದೆ ಕಳೆಯುವ ಗುರುತು, ಹೊಸದಾಗಿ ಸೇರಿಸಿದ್ದಕ್ಕೆ ಕೂಡುವ ಗುರುತು. ಕಳೆದದ್ದು, ಕೂಡಿದ್ದು, ಕಳೆದದ್ದು, ಕೂಡಿದ್ದು. ಶನಿವಾರ ಸಂಜೆಯವರೆಗೂ ಓದಿದೆ. ಓದಿದೆ ಎಂದರೆ ಕಣ್ಣು ಸಾಲುಗಳ ಮೇಲೆ ಹೋಗುತ್ತಿತ್ತು. ಒಂದೂ ಪ್ರಶ್ನೆ ಹುಟ್ಟಲಿಲ್ಲ. ನನ್ನಂಥವಳಿಗೆ ಪ್ರಶ್ನೆ ಹುಟ್ಟುವುದಿಲ್ಲವೆಂದರೆ ನಾಯಿಗೆ ವಾಸನೆ ಹೋದ ಹಾಗೆ. ಎಲ್ಲ ಸರಿಯಿದೆ ಎಂದು ರುಜು ಹಾಕಿಬಿಡೋಣವೆಂದು ಕೊನೆಯ ಹಾಳೆ ತೆಗೆದೆ. ಕೆಂಪು ಪೆನ್ಸಿಲಿನ ಮೊನೆ ಮುರಿದಿತ್ತು. ಎದ್ದು ಹೋಗಿ ಬ್ಲೇಡು ಹುಡುಕಲು ಬೇಜಾರಾಗಿ ಹಾಗೇ ಮಡಿಸಿಟ್ಟೆ. ಬೇಜಾರಿನಿಂದಲೂ ಒಮ್ಮೊಮ್ಮೆ ಒಳ್ಳೆಯದಾಗುತ್ತದೆ.

ಭಾನುವಾರ ಬೆಳಗ್ಗೆ ಹಸು ನೋಡಲು ಒಬ್ಬ ಬಂದ. ನಮ್ಮ ಹಟ್ಟಿಯಲ್ಲಿ ಮೂರು ಹಸುಗಳಿದ್ದವು, ಹಾಲು ಡೈರಿಗೆ ಹೋಗುತ್ತಿತ್ತು. ನನ್ನನ್ನೂ ನೋಡಿಕೊಂಡು ಹಸುಗಳನ್ನೂ ನೋಡಿಕೊಂಡು ಅತ್ತೆ ಸೋತಿದ್ದರು. ಅದಕ್ಕೆ ಮಾವ ಒಂದನ್ನು ಕೊಟ್ಟುಬಿಡೋಣವೆಂದು ಅಲ್ಲಿ ಇಲ್ಲಿ ಹೇಳಿದ್ದರು. ಬಂದವನು ಕೆ.ಆರ್.ಪೇಟೆ ಕಡೆಯ ವ್ಯಾಪಾರದವನು. ಹೆಗಲ ಮೇಲೆ ಹಳದಿ ಟವಲು, ಕೈಯಲ್ಲಿ ಕೋಲು. ನಡುಮನೆಯ ಕಿಟಕಿ ಹಟ್ಟಿಯ ಕಡೆಗೇ ಇತ್ತು. ನಾನು ಮಡಿಲಲ್ಲಿ ಕಾಗದದ ಕಟ್ಟು ಇಟ್ಟುಕೊಂಡು ನೋಡುತ್ತಿದ್ದೆ.

ಅವನು ಕಂದು ಹಸುವಿನ ಸುತ್ತ ಒಂದು ಸುತ್ತು ಬಂದ. ತುಟಿ ಎತ್ತಿ ಹಲ್ಲು ನೋಡಿದ. ಕೆಚ್ಚಲು ಮುಟ್ಟಿದ. ಆಮೇಲೆ ಎಲ್ಲರೂ ಕೇಳುವುದನ್ನೇ ಕೇಳಿದ: "ಎಷ್ಟ್ನೇ ಸೂಲು ಗೌಡ್ರೇ?"

ಹಸು ಎಷ್ಟು ಸಲ ಈದಿದೆ ಎಂಬುದೇ ಸೂಲು. ನಮ್ಮ ಕಡೆ ಹಸುವಿನ ವ್ಯಾಪಾರವೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ. ಸೂಲು ಹೆಚ್ಚಿದಷ್ಟೂ ಹಸುವಿಗೆ ವಯಸ್ಸಾಯಿತೆಂದು ಲೆಕ್ಕ, ಅದಕ್ಕೆ ಮಾರುವವರು ಒಂದು ಕಡಿಮೆಯೇ ಹೇಳುತ್ತಾರೆ. ಕೊಳ್ಳುವವರು ಅದಕ್ಕೊಂದು ಸೇರಿಸಿಕೊಂಡೇ ಕೇಳಿಸಿಕೊಳ್ಳುತ್ತಾರೆ.

"ಎಲ್ಡ್ನೇದು" ಎಂದರು ಮಾವ. "ಎಲ್ಡು ಕರ. ಎಲ್ಡೂ ನಮ್ ಹಟ್ಟೀಲೇ ಅವೆ, ಬೇಕಾರೆ ನೋಡು."

ಸಗಣಿ ಬಾಚುತ್ತಿದ್ದ ಅತ್ತೆ ಸೊಂಟ ನೆಟ್ಟಗೆ ಮಾಡಿದರು. "ಎಲ್ಡಲ್ಲ. ಮೂರು."

ಮಾವ ತಿರುಗಿ ನೋಡಿದ ನೋಟದಲ್ಲಿ ಬೇರೆ ಹೆಂಗಸಾಗಿದ್ದರೆ ಸುಟ್ಟು ಹೋಗಬೇಕಿತ್ತು. ವ್ಯಾಪಾರದವನು ನಕ್ಕ. "ಇದ್ಯಾಕವ್ವ, ಗೌಡ್ರು ಎಲ್ಡು ಅಂತಾವ್ರೆ, ನೀವು ಮೂರು ಅಂತೀರಿ. ಇನ್ನೊಂದು ಕರ ಎಲ್ಲೋಯ್ತು?"

"ಮಧ್ಯದ್ದು ಕಂದು ಹಾಕ್ತು" ಎಂದರು ಅತ್ತೆ.

ದಿನ ತುಂಬುವ ಮೊದಲೇ ಕರು ಬಿದ್ದು ಹೋಗುವುದನ್ನು ದನಗಳಲ್ಲಿ ಹಾಗೆ ಹೇಳುತ್ತಾರೆ.

"ಬದುಕ್ದೇ ಇದ್ ಮೇಲೆ ಅದ್ಯಾವ ಸೂಲವ್ವ!" ಎಂದ ಅವನು. ತನಗೆ ಲಾಭವಾಗುವ ಮಾತನ್ನು ತಾನೇ ಅಲ್ಲಗಳೆಯುತ್ತಿದ್ದೇನೆಂಬುದು ಅವನಿಗೂ ಹೊಳೆಯಲಿಲ್ಲ.

"ಕರ ಬದುಕ್ನಿಲ್ಲ. ಇವ್ಳು ಹೊತ್ಲೋ ಇಲ್ವೋ? ಕೊಂಬ ನೋಡ್ಲಾ, ಗೆರೆ ಎಣಿಸು." ಅತ್ತೆ ಸಗಣಿ ಕೈಯಲ್ಲೇ ಹಸುವಿನ ಕೊಂಬು ತೋರಿಸಿದರು. ಗಬ್ಬವಾದಾಗಲೆಲ್ಲ ಕೊಂಬಿನ ಬುಡದಲ್ಲಿ ಒಂದು ಗೆರೆ ಬೀಳುತ್ತದೆ ಎಂಬುದು ದನ ಸಾಕಿದವರಿಗೆಲ್ಲ ಗೊತ್ತು. "ನಾನು ಸುಳ್ಳು ಹೇಳ್ಬೋದು, ನಮ್ಮೆಜ್ಮಾನ್ರು ಹೇಳ್ಬೋದು. ಕೊಂಬು ಹೇಳ್ತದಾ? ನಿಂಗೆ ಬೇಕಾದ್ರೆ ತಕೊ, ಇಲ್ಲಾಂದ್ರೆ ಬುಡು. ಹೊತ್ಕಂಡಿದ್ದ ಇಲ್ಲ ಅನ್ಬಾರ್ದು."

ಅವನು ಗೆರೆ ಮುಟ್ಟಿ ನೋಡಿ, ಟವಲು ಕೊಡವಿ, ಇನ್ನೊಂದು ವಾರ ಬಿಟ್ಟು ಬರುತ್ತೇನೆಂದು ಹೋದ. ಬರಲಿಲ್ಲ.

ನನಗೆ ಸಿಟ್ಟು ಬಂತು. ಎಷ್ಟೋ ದಿನಗಳಲ್ಲಿ ನನಗೆ ಏನಾದರೂ ಬಂದದ್ದು ಅದೇ ಮೊದಲು. ಕಿವಿಯ ಹಿಂದೆ ಬಿಸಿಯಾಯಿತು. ಹಸುವಿಗೆ ಲೆಕ್ಕ ಇದೆ! ವ್ಯಾಪಾರ ಕೆಟ್ಟರೂ ಚಿಂತೆಯಿಲ್ಲ, ಹಸು ಹೊತ್ತಿದ್ದನ್ನು ಇಲ್ಲ ಎನ್ನಬಾರದು. ನಾನು ಹೊತ್ತದ್ದು ಮಾತ್ರ ಮಳೆಯಲ್ಲಿ ನೆನೆದ ಜ್ವರ. ಎದ್ದು ಹೋಗಿ ಕೇಳಿಬಿಡಬೇಕೆನಿಸಿತು. ನನಗೂ ಎರಡು ಕೊಂಬಿದ್ದರೆ ತೋರಿಸುತ್ತಿದ್ದೆ. ಅತ್ತೆ ಕೈ ತೊಳೆದು ಸಾರಿನ ಲೋಟ ತಂದಾಗ ಮುಖ ಗೋಡೆಗೆ ತಿರುಗಿಸಿಕೊಂಡೆ.

"ಯಾಕವ್ವ, ಸೇರ್ನಿಲ್ವಾ?"

"ಬೇಡ."

ಅವರು ಲೋಟವನ್ನು ಕಿಟಕಿಯ ಮೇಲಿಟ್ಟು ಸ್ವಲ್ಪ ಹೊತ್ತು ನಿಂತಿದ್ದರು. ಏನಾದರೂ ಹೇಳುತ್ತಾರೇನೋ ಎಂದು ಕಾದೆ. ಹಟ್ಟಿಯಲ್ಲಿ ಕರು ಕೂಗಿತು, ಹೋದರು.

ಬ್ಲೇಡು ಹುಡುಕಿ ಪೆನ್ಸಿಲು ಚೂಪು ಮಾಡಿದೆ. ಕಾಗದದ ಕಟ್ಟನ್ನು ಮೊದಲಿನಿಂದ ಬಿಚ್ಚಿದೆ. ಸಿಟ್ಟಿನಲ್ಲಿ ಓದಿದರೆ ನನಗೆ ಚೆನ್ನಾಗಿ ಕಾಣುತ್ತದೆ. ಮೂರನೇ ಮಡಿಕೆಯಲ್ಲಿ ಸಿಕ್ಕಿತು. ನಿನ್ನೆ ಅದರ ಮೇಲೆ ಕಣ್ಣು ಹೋಗಿತ್ತು, ಕಂಡಿರಲಿಲ್ಲ.

ಪ್ರತಿ ಬ್ರೇಕ್‌ಪಾಯಿಂಟಿಗೂ ಒಂದು ಎಣಿಕೆ ಇರುತ್ತದೆ: ಇಲ್ಲಿಗೆ ಪ್ರೋಗ್ರಾಮು ಎಷ್ಟು ಸಲ ಬಂತು ಎಂದು. ಮೊದಲು ಆ ಎಣಿಕೆ ಬಂದ ಕೂಡಲೇ ಏರುತ್ತಿತ್ತು. ನಾಗಮಂಗಲದವನು ಆ ಸಾಲನ್ನು ಕಳೆದು, ಕೆಳಗೆ, ಸ್ಕ್ರಿಪ್ಟು 'ನಿಲ್ಲು' ಎಂದ ಮೇಲೆ ಏರುವ ಹಾಗೆ ಕೂಡಿದ್ದ. 'ಹೋಗು' ಎಂದರೆ ಎಣಿಕೆ ಇಲ್ಲ. ಬಂದದ್ದಕ್ಕೆ ಗುರುತೇ ಇಲ್ಲ. ಅದರ ಪಕ್ಕದಲ್ಲಿ ಕಾಗದ ಹರಿಯುವಷ್ಟು ಒತ್ತಿ ಬರೆದೆ: 'ಬಂದದ್ದನ್ನು ಯಾಕೆ ಎಣಿಸಿಲ್ಲ?'

ಸೋಮವಾರ ಬೆಳಗ್ಗೆ ತಲೆಗೆ ಬಟ್ಟೆ ಕಟ್ಟಿಕೊಂಡು, ಅತ್ತೆ ಬೇಡವೆಂದರೂ ಕೇಳದೆ, ನಾನೇ ಬಸ್‌ಸ್ಟ್ಯಾಂಡಿಗೆ ಹೋದೆ. ಅವನು ಇಳಿದು, ಅಲ್ಲೇ ಟೀ ಅಂಗಡಿಯ ಬೆಂಚಿನ ಮೇಲೆ ಹಾಳೆ ತಿರುವಿ ನೋಡಿ, ಒಂದೇ ಪ್ರಶ್ನೆ ಇರುವುದು ಕಂಡು ಹಗುರಾದ.

"ಇದೊಂದೇನಾ? ಉತ್ರ ಈಗ್ಲೇ ಹೇಳ್ಬುಡ್ತೀನಿ ಬರ್ಕಳಿ. ಅದು ನಿಲ್ಲೋದೇ ಇಲ್ವಲ್ಲ ಅಕ್ಕ. ನೋಡೋನಿಗೆ ಕಾಣೋದೇ ಇಲ್ಲ. ಕಾಣ್ದೇ ಇರೋದ ಎಣಿಸಿ ಏನಾಗ್ಬೇಕು? ಸುಮ್ನೆ ಗೊಂದ್ಲ."

"ಬಂತೋ ಇಲ್ವೋ?"

"ಬಂತು. ಆದ್ರೆ…"

"ಆದ್ರೆ ಏನಿಲ್ಲ. ಬಂತಲ್ಲ. ಬಂದ್ ತಕ್ಷಣ ಎಣಿಸು. ನಿಲ್ಲೋದು ಹೋಗೋದು ಆಮೇಲಿನ ಮಾತು."

"ಯಾರಿಗೆ ಬೇಕಕ್ಕ ಅದು?"

ಆಗ ನನ್ನ ದನಿ ಏರಿತು. ಟೀ ಅಂಗಡಿಯಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಪ್ರೋಗ್ರಾಮು ಕೆಟ್ಟು ಬೀಳುತ್ತದಲ್ಲ, ಆಗ ಮೊದಲು ಏನು ನೋಡುತ್ತೀಯ ಎಂದು ಕೇಳಿದೆ. ಎಣಿಕೆ ನೋಡುತ್ತೀಯ. ಎಷ್ಟನೇ ಸಲ ಬಂದಾಗ ಕೆಟ್ಟಿತು ಎಂದು ತಿಳಿದುಕೊಂಡು, ಮತ್ತೆ ಮೊದಲಿನಿಂದ ಓಡಿಸಿ, ಆ ಸಲಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಿ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೀಯ. ಅದು ಎಣಿಕೆಯಲ್ಲೇ ಇಲ್ಲದಿದ್ದರೆ ಎಲ್ಲಿ ಹೋಗಿ ಕಾಯುತ್ತೀಯ? ಇನ್ನೊಂದು ಸಲವೂ ಅಲ್ಲೇ ಕೆಡುತ್ತದೆ. ಆಗಲೂ ಏನೂ ಆಗೇ ಇಲ್ಲ ಅನ್ನುತ್ತೀಯಾ?

ಇಷ್ಟು ಹೇಳುವಷ್ಟರಲ್ಲಿ ನನಗೆ ಏದುಸಿರು ಬಂದಿತ್ತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಬುದ್ಧಿವಂತ ಅವನು, ನಾನು ಸರಿ ಎಂದು ಅರ್ಥವಾಗಿತ್ತು. ನಾನು ಯಾಕೆ ಕೂಗಾಡಿದೆ ಎಂದು ಮಾತ್ರ ಅರ್ಥವಾಗಿರಲಿಲ್ಲ.

"ಆಯ್ತು ಬುಡಿ ಅಕ್ಕ. ಮೇಲಕ್ಕೇ ಹಾಕ್ತೀನಿ ಆ ಸಾಲ. ಒಂದು ಸಾಲಿಗೆ ಇಷ್ಟು ಸಿಟ್ಟಾ? ಇನ್ನೂ ಜ್ವರ ಬುಟ್ಟಿಲ್ಲ ನಿಮ್ಗೆ, ಮನೆಗೋಗಿ ಮನಿಕಳಿ."

ಮುಂದಿನ ಶನಿವಾರ ತಿದ್ದಿ ತಂದ. ಬಂದ ಕೂಡಲೇ ಎಣಿಕೆ, ಆಮೇಲೆ ಸ್ಕ್ರಿಪ್ಟು. ಕೂಡುವ ಗುರುತಿನ ಒಂದೇ ಸಾಲು. ನಾನು ಅದನ್ನು ಎರಡು ಸಲ ಓದಿ ರುಜು ಹಾಕಿದೆ. ಸಂತೋಷವಾಗುತ್ತದೆಂದು ಎಣಿಸಿದ್ದೆ. ಏನೂ ಆಗಲಿಲ್ಲ. ಸಿಟ್ಟು ಬಂದ ದಾರಿಯಲ್ಲೇ ಹೋಗಿ, ಮತ್ತೆ ಅದೇ ಜೋಮು ಕೂತಿತ್ತು. ಸ್ವಲ್ಪ ದಿನ ಕಳೆದ ಮೇಲೆ ಆಫೀಸಿಗೆ ಹೋಗತೊಡಗಿದೆ. ಟೈಫಾಯ್ಡ್ ಹೇಗಿದೆ ಎಂದು ಎಲ್ಲರೂ ಕೇಳಿದರು. ವಾಸಿಯಾಯಿತು ಎಂದು ಎಲ್ಲರಿಗೂ ಹೇಳಿದೆ. ಒಂದು ಮಾತನ್ನು ಅಷ್ಟು ಜನಕ್ಕೆ ಹೇಳಿದರೆ ನಾಲಿಗೆ ಅದಕ್ಕೇ ಒಗ್ಗಿಹೋಗುತ್ತದೆ. ಬಸ್ಸು, ಆಫೀಸು, ಕೆಂಪು ಪೆನ್ಸಿಲು, ಬಸ್ಸು. ಕಂದು ಹಸು ನಮ್ಮ ಹಟ್ಟಿಯಲ್ಲೇ ಉಳಿಯಿತು, ಅದನ್ನು ಕೇಳಿ ಮತ್ತೆ ಯಾರೂ ಬರಲಿಲ್ಲ. ಅತ್ತೆಯೂ ನಾನೂ ಬೇಕಾದಷ್ಟು ಮಾತಾಡುತ್ತಿದ್ದೆವು, ಹುಣಸೆಹಣ್ಣು, ಡೈರಿ, ನೆಂಟರ ಮದುವೆ. ಅದೊಂದನ್ನು ಬಿಟ್ಟು.

ಮಾರನೇ ವರ್ಷ ಕಬ್ಬಿನ ಗಾಡಿಗಳು ಓಡಾಡುವ ಕಾಲದಲ್ಲಿ ನನಗೆ ಮತ್ತೆ ದಿನ ನಿಂತಿತು. ಅತ್ತೆಗೆ ನಾನು ಹೇಳುವ ಮೊದಲೇ ಗೊತ್ತಾಗಿತ್ತು. ಯಾರಿಗೂ ಹೇಳಲಿಲ್ಲ, ಎಂದಿನಂತೆ. ಈ ಸಲ ಮಾತ್ರ ತಡಮಾಡದೆ, ನಮ್ಮವರಿಗೆ ಶಾಲೆಯಿದ್ದ ದಿನವೇ, ನನ್ನನ್ನು ಎಬ್ಬಿಸಿಕೊಂಡು ಶ್ರೀರಂಗಪಟ್ಟಣದ ಆಸ್ಪತ್ರೆಗೆ ಹೊರಟರು. ಬಿಸಿಲಿಗೆ ಕೊಡೆ, ಬಾಯಾರಿಕೆಗೆ ತಂಬಿಗೆಯಲ್ಲಿ ನೀರು, ವೈರಿನ ಬುಟ್ಟಿ. ಬೆಂಚಿನ ಮೇಲೆ ಬಹಳ ಹೊತ್ತು ಕೂತೆವು. ಸರದಿ ಬಂದಾಗ ಮೇಜಿನ ಹಿಂದಿದ್ದ ನರ್ಸಮ್ಮ ತಲೆ ಎತ್ತದೆ ಹೆಸರು ಕೇಳಿದರು, ವಯಸ್ಸು ಕೇಳಿದರು, ಊರು ಕೇಳಿದರು. ಆಮೇಲೆ ಅದೇ ದನಿಯಲ್ಲಿ ಕೇಳಿದರು:

"ಎಷ್ಟನೇದಮ್ಮ? ಮೊದಲ್ನೇದಾ?"

"ಹೂಂ" ಎಂದೆ.

ಯೋಚಿಸಿ ಹೇಳಿದ್ದಲ್ಲ. ವಾಸಿಯಾಯಿತು ಎಂದು ಹೇಳುತ್ತಿದ್ದ ಬಾಯಿ ಇದನ್ನೂ ಹೇಳಿತು. ನರ್ಸಮ್ಮ ಬರೆದುಕೊಳ್ಳತೊಡಗಿದರು.

"ಅಲ್ಲ" ಎಂದರು ಅತ್ತೆ ನನ್ನ ಹಿಂದಿನಿಂದ. "ಎಲ್ಡ್ನೇದು."

ನರ್ಸಮ್ಮನ ಪೆನ್ನು ನಿಂತಿತು. ಆಗ ಅವರು ಮೊದಲ ಸಲ ತಲೆ ಎತ್ತಿ ಇಬ್ಬರನ್ನೂ ನೋಡಿದರು. "ಸರಿಯಾಗಿ ಹೇಳಿ. ಮೊದಲ್ನೇ ಮಗು ಎಷ್ಟು ವರ್ಷದ್ದು?"

"ಅದು ನಿಲ್ನಿಲ್ಲ ಕಣವ್ವ. ಐದು ತಿಂಗ್ಳು ಇತ್ತು. ಹೆಣ್ ಮಗ. ಬರ್ಕೊ."

"ಅಯ್ಯೋ, ಇದನ್ನ ಮೊದ್ಲೇ ಹೇಳ್ಬೇಕಲ್ವೇನಮ್ಮ? ಐದರಲ್ಲಿ ಹೋಗಿದ್ರೆ ಈ ಸಲ ಐದು ಬರೋ ಮುಂಚೆಯಿಂದ್ಲೇ ಹುಷಾರಾಗಿ ನೋಡ್ಬೇಕಾಗುತ್ತೆ" ಎಂದು ನರ್ಸಮ್ಮ ಬರೆದದ್ದನ್ನು ಹೊಡೆದುಹಾಕಿ ಮೇಲೆ ಬೇರೆ ಬರೆದರು. ಇನ್ನೂ ಏನೇನೋ ಕೇಳಿದರು. ಎಲ್ಲದಕ್ಕೂ ಅತ್ತೆಯೇ ಉತ್ತರ ಕೊಟ್ಟರು. ಹೆಣ್ ಮಗ ಎಂಬ ಮಾತಿನ ಆಚೆಗೆ ನನಗೆ ಏನೂ ಕೇಳಿಸಲಿಲ್ಲ.

ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಡೆ ನಡೆದೆವು. ಅತ್ತೆ ಕೊಡೆಯನ್ನು ನನ್ನ ಕಡೆಗೇ ವಾಲಿಸಿ ಹಿಡಿದಿದ್ದರು, ಅವರ ಅರ್ಧ ಮೈ ಬಿಸಿಲಲ್ಲಿತ್ತು. ನನ್ನ ಮುಖವೆಲ್ಲ ಒದ್ದೆಯಾಗಿತ್ತು. ದಾರಿಯಲ್ಲಿ ಹೋಗುವವರು ನೋಡುತ್ತಿದ್ದರು. ನೋಡಲಿ ಎನಿಸಿತು.

"ನೀವು ನೋಡಿದ್ರಾ ಅತ್ತೆ ಅವತ್ತು?"

"ನೋಡ್ದೆ ಇರ್ತೀನಾ? ನನ್ ಕೈಗೇ ಅಲ್ವಾ ಕೊಟ್ಟಿದ್ದು."

"ಯಾರಂಗಿತ್ತು?"

ಅತ್ತೆ ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.

"ಮೂಗು ನಿಂದೇ ಕಣವ್ವ" ಎಂದರು.

ಕೊಪ್ಪಲಿನ ಬಸ್ಸು ಬಂತು. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು ಮೊದಲು ನನ್ನನ್ನು ಹತ್ತಿಸಿದರು.